ಏಳು ತಿಂಗಳು ತುಂಬಿದ ಮೇಲೆ: ಮಲೆನಾಡಿನ ಬಸುರಿಯರಿಗೂ ಮನೆಯವರಿಗೂ

28 ವಾರ ಆಯ್ತು ಅಂದ್ರೆ ಕೊನೆಯ ಮೂರು ತಿಂಗಳು ಶುರು. ನಮ್ಮ ಕಡೆ ಸೀಮಂತ, ಬಳೆ ತೊಡ್ಸೋದು, ತವರಿಗೆ ಕರ್ಕೊಂಡು ಹೋಗೋದು ಎಲ್ಲ ಹೆಚ್ಚುಕಮ್ಮಿ ಇದೇ ಹೊತ್ತಿಗೆ ಬರುತ್ತೆ. ಈ ತಿಂಗಳುಗಳ ಬಗ್ಗೆ ಬರೆದಿರೋದು ಓದೋಕೆ ಬೇಕಾದಷ್ಟು ಸಿಗುತ್ತೆ, ಆದ್ರೆ ಮುಕ್ಕಾಲು ಪಾಲು ಆಟೋ ಹತ್ತಿದ್ರೆ ಹತ್ತು ನಿಮಿಷಕ್ಕೆ ಆಸ್ಪತ್ರೆ ಸಿಗೋ ಊರಿನವರಿಗೆ ಬರೆದಿದ್ದು. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಗಿನ ಹಳ್ಳಿಗಳಲ್ಲಿ ಒಂಟಿಮನೆ, ತೋಟದ ಮನೆ ಅಂತ ಇರೋರಿಗೆ ಟಾರ್ ರಸ್ತೆಗೆ ಬರೋಕೇ ಅರ್ಧ ಗಂಟೆ ಬೇಕು, ಮಳೆಗಾಲದಲ್ಲಿ ಒಂದು ಮರ ಅಡ್ಡ ಬಿದ್ರೆ ಅದೂ ಇಲ್ಲ. ಹಂಗಾಗಿ ನಾನು ಇಲ್ಲಿ ಹೇಳೋದೆಲ್ಲ ಒಂದೇ ಲೆಕ್ಕದ ಮೇಲೆ, ನಿಮ್ಮ ಮನೆ ಅಂಗಳದಿಂದ ಹೆರಿಗೆ ವಾರ್ಡಿಗೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು. ಅದನ್ನ ಈಗ್ಲೇ ಒಂದ್ಸಲ ಗಾಡೀಲಿ ಹೋಗಿ ನೋಡ್ಕೊಂಡು ಬನ್ನಿ, ಮುಂದಿನ ತೀರ್ಮಾನ ಎಲ್ಲ ಅದರ ಮೇಲೇ ನಿಲ್ಲುತ್ತೆ.

ಮೊದ್ಲು ಮೈಯಲ್ಲಿ ಏನಾಗುತ್ತೆ ಅಂತ ನೋಡೋಣ. ಏಳನೇ ತಿಂಗಳಲ್ಲಿ ಸುಮಾರು ಒಂದು ಕೆಜಿ ಇರೋ ಮಗು ಹುಟ್ಟೋ ಹೊತ್ತಿಗೆ ಎರಡೂವರೆ ಮೂರು ಕೆಜಿ ಆಗ್ಬೇಕು, ಜಾಗ ಮಾತ್ರ ಅಷ್ಟೇ ಇರೋದು. ಅದಕ್ಕೇ ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು, ಉಂಡ ಕೂಡ್ಲೇ ಎದೆಯುರಿ, ರಾತ್ರಿ ಮೂರು ನಾಲ್ಕು ಸಲ ಬಾತ್ರೂಮು, ಸೊಂಟನೋವು, ನಡುರಾತ್ರಿ ಮೀನಖಂಡ ಹಿಡ್ಕೊಳ್ಳೋದು. ಇದೆಲ್ಲ ಬರೋದೇ. ಎದೆಯುರಿಗೆ ಊಟನ ಐದಾರು ಸಲ ಸ್ವಲ್ಪ ಸ್ವಲ್ಪ ಮಾಡಿ, ರಾತ್ರಿ ಊಟ ಏಳೂವರೆ ಎಂಟರೊಳಗೆ ಮುಗಿಸಿ ಒಂದೆರಡು ಗಂಟೆ ಬಿಟ್ಟು ಮಲಗಿ, ಎಲ್ಲರದ್ದೂ ಆಗ್ಲಿ ಅಂತ ಹತ್ತು ಗಂಟೆವರೆಗೆ ಕಾಯ್ಬೇಡಿ. ಮೀನಖಂಡ ಹಿಡಿದ್ರೆ ಕಾಲು ನೀಟಿ ಪಾದದ ಬೆರಳುಗಳನ್ನ ಮುಖದ ಕಡೆ ಎಳ್ಕೊಂಡ್ರೆ ಬಿಡುತ್ತೆ. ಮಲಗೋದು ಎಡಮಗ್ಗುಲಿಗೆ. ಅಂಗಾತ ಮಲಗಿದ್ರೆ ಗರ್ಭಕೋಶದ ಭಾರ ಬೆನ್ನ ಹತ್ರ ಇರೋ ದೊಡ್ಡ ರಕ್ತನಾಳದ ಮೇಲೆ ಬಿದ್ದು ನಿಮಗೂ ಮಗುವಿಗೂ ರಕ್ತ ಹೋಗೋದು ಕಮ್ಮಿಯಾಗುತ್ತೆ, ತಲೆ ಸುತ್ತೋದೂ ಇದೆ. ನಿದ್ದೆಯಲ್ಲಿ ಅಂಗಾತ ಆಗಿ ಎಚ್ಚರ ಆದ್ರೆ ಗಾಬರಿ ಏನಿಲ್ಲ, ಮಗ್ಗುಲು ಬದಲಾಯ್ಸಿ ಅಷ್ಟೇ.

ಕಾಲು ಊದ್ಕೊಳ್ಳೋ ವಿಷಯಕ್ಕೆ ಸ್ವಲ್ಪ ನಿಂತು ಹೇಳ್ಬೇಕು, ಯಾಕಂದ್ರೆ ನಮ್ಮಲ್ಲಿ ಇದನ್ನ ತುಂಬಾ ಹಗುರವಾಗಿ ತಗೋತಾರೆ. ಸಂಜೆ ಹೊತ್ತಿಗೆ ಪಾದ ದಪ್ಪ ಆಗಿ ಬೆಳಿಗ್ಗೆ ಇಳಿದ್ರೆ ಸರಿ. ಆದ್ರೆ ಬೆಳಿಗ್ಗೆ ಏಳುವಾಗ್ಲೇ ಮುಖ ಊದಿದೆ, ಸೀಮಂತದಲ್ಲಿ ತೊಡಿಸಿದ ಹಸಿರು ಬಳೆ ಕೈಯಲ್ಲಿ ಸಲೀಸಾಗಿ ಆಡ್ತಿದ್ದಿದ್ದು ಒಂದೇ ವಾರದಲ್ಲಿ ಕಚ್ಚಿ ಕೂತು ಅಚ್ಚು ಮೂಡ್ತಿದೆ, ಉಂಗುರ ತೆಗೆಯೋಕೆ ಬರ್ತಿಲ್ಲ ಅಂದ್ರೆ ಅವತ್ತೇ ಬಿಪಿ ನೋಡಿಸ್ಬೇಕು. ಬಿಪಿ 140/90 ಮುಟ್ಟಿದ್ರೆ ಅಥವಾ ದಾಟಿದ್ರೆ ಅದು ಡಾಕ್ಟರ್ ನೋಡ್ಬೇಕಾದ್ದು, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದ್ಯಾ ಅಂತಾನೂ ಟೆಸ್ಟ್ ಮಾಡ್ತಾರೆ. ಜೊತೆಗೆ ಬಿಡದ ತಲೆನೋವು, ಕಣ್ಣು ಮಂಜಾಗೋದು ಅಥವಾ ಕಣ್ಮುಂದೆ ಮಿಂಚು ಹೊಡೆದಂಗೆ ಆಗೋದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು ಇದ್ರೆ ಒಂದು ಗಂಟೆನೂ ತಡ ಮಾಡ್ಬೇಡಿ, ಇದು ಫಿಟ್ಸಿಗೆ ಹೋಗ್ಬಹುದು, ತಾಯಿ ಮಗು ಇಬ್ಬರಿಗೂ ಜೀವದ ಪ್ರಶ್ನೆ. "ನೀರು ಬಂದಿದೆ, ಉಪ್ಪು ಬಿಡು, ಹುರುಳಿ ಕಟ್ಟು ಕುಡಿ" ಅಂತ ಮನೇಲಿ ಹೇಳ್ತಾರೆ, ಪ್ರೀತಿಯಿಂದಲೇ ಹೇಳ್ತಾರೆ, ಆದ್ರೆ ಉಪ್ಪು ಬಿಟ್ಟಿದ್ದಕ್ಕೆ ಈ ಬಿಪಿ ಇಳಿಯಲ್ಲ.

ಇನ್ನು ಮಗು ಮಿಸುಕೋದು. ಇದಕ್ಕೆ ಯಾವ ಮೆಷೀನೂ ಬೇಡ, ನಿಮ್ಮಷ್ಟು ಚೆನ್ನಾಗಿ ಗೊತ್ತಾಗೋದು ಬೇರೆ ಯಾರಿಗೂ ಅಲ್ಲ. ದಿನಾ ಒಂದೇ ಹೊತ್ತಿಗೆ, ಮಧ್ಯಾಹ್ನ ಊಟ ಆದ್ಮೇಲೆ ಅಂತ ಇಟ್ಕೊಳ್ಳಿ, ಎಡಮಗ್ಗುಲಿಗೆ ಮಲಗಿ ಲೆಕ್ಕ ಹಾಕಿ. ಒದೆಯೋದು, ಹೊರಳೋದು, ಸಣ್ಣಗೆ ತಿವಿಯೋದು ಎಲ್ಲ ಸೇರಿ ಎರಡು ಗಂಟೆಯೊಳಗೆ ಹತ್ತು ಆಗ್ಬೇಕು. ಸಾಮಾನ್ಯವಾಗಿ ಅಷ್ಟು ಹೊತ್ತು ಬೇಕಾಗೋದೇ ಇಲ್ಲ. ಹತ್ತು ಆಗ್ಲಿಲ್ಲ ಅಂದ್ರೆ, ಅಥವಾ ದಿನಾ ಇರೋ ಹಂಗೆ ಇಲ್ಲ ಇವತ್ತು ಅಂತ ಮನಸ್ಸಿಗೆ ಅನ್ನಿಸಿದ್ರೆ ಆಸ್ಪತ್ರೆಗೆ ಹೊರಡಿ. ದಿನ ಹತ್ರ ಬಂದಂಗೆ ಮಗು ಸುಮ್ಮನಾಗುತ್ತೆ ಅನ್ನೋದು ತಪ್ಪು ಮಾತು, ಒದೆಯೋ ರೀತಿ ಬದಲಾಗ್ಬಹುದು, ಹೊರಳಾಟ ಜಾಸ್ತಿ ಆಗ್ಬಹುದು, ಕೊನೇ ದಿನದವರೆಗೂ ಮಿಸುಕ್ತಾನೇ ಇರ್ಬೇಕು. ಬೆಳಿಗ್ಗೆ ಬಸ್ಸಿಗೆ ಹೋದ್ರಾಯ್ತು ಅಂತ ರಾತ್ರಿ ಕಳೀಬೇಡಿ. ಹೋಗಿ ನೋಡಿ ಏನೂ ಇಲ್ಲ ಅಂದ್ರೆ ನೆಮ್ಮದಿಯಾಗಿ ವಾಪಸ್ ಬನ್ನಿ, ಅದಕ್ಕೆ ಯಾರೂ ಬೈಯ್ಬಾರ್ದು, ಬೈದ್ರೂ ಪರವಾಗಿಲ್ಲ.

ರಕ್ತದ ವಿಷಯ. ಹಿಮೋಗ್ಲೋಬಿನ್ 11ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತ ಲೆಕ್ಕ, 7ಕ್ಕಿಂತ ಕೆಳಗೆ ಹೋದ್ರೆ ತುಂಬಾ ಗಂಭೀರ. ಹೆರಿಗೆಯಲ್ಲಿ ಎಷ್ಟೇ ಆದ್ರೂ ಸ್ವಲ್ಪ ರಕ್ತ ಹೋಗೇ ಹೋಗುತ್ತೆ, ಮೊದ್ಲೇ ಕಮ್ಮಿ ಇದ್ದೋರಿಗೆ ಆ ಸ್ವಲ್ಪವೇ ಜಾಸ್ತಿ ಆಗುತ್ತೆ, ಎಲ್ಲ ಊರಲ್ಲೂ ರಾತ್ರೋರಾತ್ರಿ ರಕ್ತ ಸಿಗಲ್ಲ. ಆಶಾ ಅಕ್ಕ ಕೊಡೋ ಕಬ್ಬಿಣದ ಮಾತ್ರೆ ಡಬ್ಬದಲ್ಲಿ ಹಂಗೇ ಉಳಿದಿರೋ ಮನೆ ಎಷ್ಟೋ ನೋಡಿದೀನಿ, ಬೇಜಾರಾಗುತ್ತೆ. ಮಾತ್ರೆ ತಗೊಂಡ್ರೆ ಮಲ ಕಪ್ಪಾಗುತ್ತೆ, ಹೊಟ್ಟೆ ಕಟ್ಟುತ್ತೆ, ನಿಜ, ಹೆದರ್ಬೇಡಿ, ಬಸಳೆ, ಹರಿವೆ ಸೊಪ್ಪು, ನೀರು ಜಾಸ್ತಿ ಮಾಡಿ. ಕಾಫಿ ಟೀ ಜೊತೆಗೆ ಮಾತ್ರ ನುಂಗ್ಬೇಡಿ, ಕಬ್ಬಿಣ ಮೈಗೆ ಹತ್ತಲ್ಲ, ನಿಂಬೆಹಣ್ಣಿನ ಪಾನಕವೋ ನೆಲ್ಲಿಕಾಯೋ ಜೊತೆಗಿದ್ರೆ ಒಳ್ಳೇದು. ಕ್ಯಾಲ್ಸಿಯಂ ಮಾತ್ರೆನೂ ಅದರ ಜೊತೆ ಬೇಡ, ಎರಡು ಗಂಟೆ ಅಂತರ ಇರ್ಲಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿ ಗಂಡನದ್ದು ಪಾಸಿಟಿವ್ ಇದ್ರೆ 28ನೇ ವಾರದ ಸುಮಾರಿಗೆ ಆಂಟಿ-ಡಿ ಇಂಜೆಕ್ಷನ್ ಬೇಕಾಗ್ಬಹುದು, ಡಾಕ್ಟರ್ ಮರೆತ್ರೂ ನೀವು ಕೇಳಿ. ಶುಗರ್ ಟೆಸ್ಟ್ ಇನ್ನೂ ಆಗಿಲ್ಲ ಅಂದ್ರೆ ಅದನ್ನೂ ಈಗ ಮಾಡ್ಸಿ.

ಚೆಕಪ್ಪಿಗೆ ಸಾಮಾನ್ಯವಾಗಿ 36 ವಾರದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಕರೀತಾರೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಅಂತಲೇ ಉಚಿತ ತಪಾಸಣೆ ಇರುತ್ತೆ, ಅದನ್ನ ಬಳಸ್ಕೊಳ್ಳಿ. ಸ್ಕ್ಯಾನಿಂಗ್ ರಿಪೋರ್ಟಲ್ಲಿ ಹೊಕ್ಕುಳಬಳ್ಳಿ ಮಗು ಕುತ್ತಿಗೆಗೆ ಒಂದು ಸುತ್ತು ಇದೆ ಅಂತ ಬರೆದಿದ್ರೆ ಮನೆಯೆಲ್ಲ ಅಳೋಕೆ ಶುರು ಮಾಡ್ತಾರೆ, ಅದು ತುಂಬಾ ಮಕ್ಕಳಲ್ಲಿ ಇರುತ್ತೆ, ಬಹಳಷ್ಟು ಸಲ ನಾರ್ಮಲ್ ಹೆರಿಗೆನೇ ಆಗುತ್ತೆ, ಅದೊಂದೇ ಕಾರಣಕ್ಕೆ ಆಪರೇಷನ್ ಬೇಕಾಗಲ್ಲ. ನಿಜವಾಗ್ಲೂ ಕೇಳ್ಬೇಕಾಗಿರೋದು ಬೇರೆ: ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ಯಾ, ತಲೆ ಕೆಳಗೆ ಬಂದಿದ್ಯಾ, ಮಗು ಸುತ್ತ ನೀರು ಸಾಕಷ್ಟಿದ್ಯಾ, ಮಗು ವಾರಕ್ಕೆ ತಕ್ಕ ಹಂಗೆ ಬೆಳೀತಿದ್ಯಾ. ಮಾಸು ಕೆಳಗಿದ್ರೆ, ಅಥವಾ ಮಗು ಅಡ್ಡ ಇದ್ರೆ, ಕುಂಡೆ ಕೆಳಗಿದ್ರೆ ನೀವು ದೊಡ್ಡ ಆಸ್ಪತ್ರೆ ಹತ್ರಾನೇ ಇರ್ಬೇಕು, ಹಳ್ಳೀಲಿ ಕೂತು ನೋವು ಬರ್ಲಿ ಅಂತ ಕಾಯೋ ಹಂಗಿಲ್ಲ.

ತುರಿಕೆ ಬಗ್ಗೆ ಒಂದು ಮಾತು. ನನ್ನ ನಾದಿನಿಗೆ 34ನೇ ವಾರ ಇರ್ಬೇಕಾದ್ರೆ ರಾತ್ರಿ ಹೊತ್ತು ಅಂಗೈ ಅಂಗಾಲು ಕೆರೆತ ಶುರುವಾಯ್ತು, ಗುಳ್ಳೆ ಇಲ್ಲ, ಕೆಂಪಿಲ್ಲ, ಬರೀ ಕೆರೆತ, ತಣ್ಣೀರಿನ ಬಕೆಟ್ಟಲ್ಲಿ ಕಾಲಿಟ್ಕೊಂಡು ಕೂರೋಳು. ಅಂಗಳಕ್ಕೆ ಬರಿಗಾಲಲ್ಲಿ ಹೋಗಿದ್ದಕ್ಕೆ ಏನೋ ಹುಳ ಹರಿದಿರ್ಬೇಕು ಅಂತ ಅತ್ತೆ ಕೊಬ್ಬರಿ ಎಣ್ಣೆ ಹಚ್ಚಿದ್ರು. ಆಶಾ ಅಕ್ಕ ಬಂದೋರು ಕೈ ನೋಡಿ, ಗುಳ್ಳೆ ಇಲ್ದೆ ಕೆರೀತಿದೆ ಅಂದ್ರೆ ಲಿವರ್ ಟೆಸ್ಟ್ ಮಾಡ್ಸಿ ಅಂದ್ರು. ಮಾಡಿಸಿದ್ರೆ ಪಿತ್ತದ ಅಂಶ ರಕ್ತದಲ್ಲಿ ಏರಿತ್ತು. ಮಾತ್ರೆ ಕೊಟ್ಟು, ವಾರಕ್ಕೊಮ್ಮೆ ನೋಡ್ತಾ ಹೋಗಿ, 37 ವಾರ ತುಂಬಿದ ಮೇಲೆ ನೋವು ಬರಿಸಿ ಹೆರಿಗೆ ಮಾಡ್ಸಿದ್ರು, ತಾಯಿ ಮಗು ಚೆನ್ನಾಗಿದಾರೆ. ಈ ತೊಂದರೆಯಲ್ಲಿ ತಾಯಿಗೆ ಬರೀ ಕೆರೆತ, ಅಪಾಯ ಇರೋದು ಮಗುವಿಗೆ. ತೋಟದ ಊರಲ್ಲಿ ತುರಿಕೆಗೆ ನೂರು ಕಾರಣ ಇರುತ್ತೆ, ಅದಕ್ಕೇ ಇದು ಸುಲಭವಾಗಿ ತಪ್ಪಿ ಹೋಗುತ್ತೆ.

ಜ್ವರನೂ ಹಂಗೇ. ಡಿಸೆಂಬರಿಂದ ಮೇ ತಿಂಗಳವರೆಗೆ ನಮ್ಮ ಕಡೆ ಮಂಗನ ಕಾಯಿಲೆ ಕಾಲ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ಇವತ್ತಿಗೂ ಬಿಟ್ಟಿಲ್ಲ. ಉಣುಗು ಕಚ್ಚಿ ಬರೋದು, ಹಂಗಾಗಿ ಕೊಟ್ಟಿಗೆಗೆ ತರಗೆಲೆ ತರೋದು, ಸೌದೆಗೆ ಕಾಡಿಗೆ ಹೋಗೋದು ಬಸುರಿಗೆ ಪೂರ್ತಿ ಬೇಡ, ಕಾಡಿಗೆ ಹೋಗಿ ಬಂದ ಮನೆಯವರೂ ಬಟ್ಟೆ ಬದಲಾಯಿಸಿ ಸ್ನಾನ ಮಾಡಿ ಒಳಗೆ ಬರ್ಲಿ. ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಅದೇ ದಿನ ಆಸ್ಪತ್ರೆ. ಮೆಡಿಕಲ್ ಶಾಪಲ್ಲಿ ಕೇಳಿ ನೋವಿನ ಮಾತ್ರೆ ತಂದು ನುಂಗೋದು ಬೇಡವೇ ಬೇಡ, ಬ್ರೂಫೆನ್ ಥರದ್ದು ಈ ತಿಂಗಳುಗಳಲ್ಲಿ ಮಗುವಿನ ಹೃದಯಕ್ಕೂ ಕಿಡ್ನಿಗೂ ಹಾನಿ ಮಾಡುತ್ತೆ.

ತವರಿಗೆ ಹೋಗೋದು ಯಾವಾಗ? ಚೊಚ್ಚಲು ಹೆರಿಗೆ ತವರಲ್ಲಿ ಅನ್ನೋದು ನಮ್ಮಲ್ಲಿ ಇದ್ದೇ ಇದೆ, ಅಮ್ಮನ ಹತ್ರ ಸಿಗೋ ಧೈರ್ಯ ಬೇರೆ ಕಡೆ ಸಿಗಲ್ಲ, ನಾನೂ ಅದರ ಪರವೇ. ಆದ್ರೆ ಗಂಡನ ಮನೆ ಪೇಟೇಲಿದ್ದು ತವರು ಮನೆ ಕಾಡೊಳಗಿದ್ರೆ ಯೋಚನೆ ಮಾಡಿ, ಅಮ್ಮನೇ ಈ ಕಡೆ ಬಂದು ಇದ್ರೂ ಬಾಣಂತನ ಆಗುತ್ತೆ. ಹೋಗೋದೇ ಆದ್ರೆ ಎಂಟನೇ ತಿಂಗಳು ಮುಗಿಯೋ ಮುಂಚೆ ಹೋಗಿ, ತಾಯಿ ಕಾರ್ಡು, ಎಲ್ಲ ಸ್ಕ್ಯಾನಿಂಗು, ರಕ್ತದ ರಿಪೋರ್ಟು ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೈಯಲ್ಲೇ ಇಟ್ಕೊಳ್ಳಿ, ಹೋದ ವಾರದಲ್ಲೇ ಅಲ್ಲಿನ ಆಶಾ ಅಕ್ಕನಿಗೆ ಹೇಳಿ, ಹೆರಿಗೆ ಮಾಡ್ಸೋ ಆಸ್ಪತ್ರೇಲಿ ಒಂದ್ಸಲ ತೋರ್ಸಿ. ನೋವು ಬಂದ ರಾತ್ರಿ ಮೊದಲ ಸಲ ಹೋಗಿ ನಿಂತ್ರೆ ಅವರಿಗೆ ನಿಮ್ಮ ಬಗ್ಗೆ ಏನೂ ಗೊತ್ತಿರಲ್ಲ.

ಆಸ್ಪತ್ರೆ ಗೊತ್ತು ಮಾಡುವಾಗ ಕಟ್ಟಡ ನೋಡ್ಬೇಡಿ, ಪ್ರಶ್ನೆ ಕೇಳಿ. ರಾತ್ರಿ ಆಪರೇಷನ್ ಮಾಡೋ ಡಾಕ್ಟರ್ ಇರ್ತಾರಾ, ಅರಿವಳಿಕೆ ಡಾಕ್ಟರ್ ಬರೋಕೆ ಎಷ್ಟು ಹೊತ್ತು, ರಕ್ತ ಬೇಕಾದ್ರೆ ಎಲ್ಲಿಂದ ತರಿಸ್ತಾರೆ, ಮಗು ಮೊದಲೇ ಹುಟ್ಟಿದ್ರೆ ಇಟ್ಕೊಳ್ಳೋ ವ್ಯವಸ್ಥೆ ಇದ್ಯಾ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್, ಆಗುಂಬೆಯವರಿಗೆ ಅದರ ಮೇಲೆ ಇನ್ನೊಂದು 30. ಬಿಪಿ, ಶುಗರ್, ಅವಳಿ, ಹಿಂದೆ ಸಿಸೇರಿಯನ್ ಆಗಿರೋದು, ಇಂಥದ್ದೇನಾದ್ರೂ ಇದ್ರೆ ಮೊದಲೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಕಡೆಗೇ ಗೊತ್ತು ಮಾಡ್ಕೊಳ್ಳೋದು ವಾಸಿ. ಘಾಟಿ ಇಳಿದು ಮಣಿಪಾಲಕ್ಕೆ ಹೋಗೋ ಯೋಚನೆ ಇದ್ರೆ ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಬಂದ್ ಆಗೋದನ್ನ ಲೆಕ್ಕಕ್ಕೆ ಇಟ್ಕೊಳ್ಳಿ, ಎರಡನೇ ದಾರಿ ಯಾವುದು ಅಂತ ಇವತ್ತೇ ಮಾತಾಡಿ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆದ್ಮೇಲೆ ತುಮರಿ ಕಡೆಯವರಿಗೆ ದೊಡ್ಡ ಚಿಂತೆ ಕಳೀತು, ಅದಕ್ಕೂ ಮೊದಲು ಹಿನ್ನೀರು ದಾಟಿಸೋ ಲಾಂಚ್ ನಿಂತ ಮೇಲೆ ನೋವು ಬಂದ್ರೆ ಸುತ್ತುದಾರಿ ಹಿಡೀಬೇಕಿತ್ತು.

ಸರ್ಕಾರಿ ಆಸ್ಪತ್ರೇಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ, ಕರ್ಕೊಂಡು ಹೋಗೋಕೆ 108, ವಾಪಸ್ ಮನೆಗೆ ಬಿಡೋಕೆ ನಗು-ಮಗು ಗಾಡಿ ಅಂತಾನೂ ಇದೆ, ಕೇಳಿ ತಗೊಳ್ಳಿ. ಆದ್ರೆ 108ಕ್ಕೆ ಫೋನ್ ಮಾಡೋಕೆ ನೆಟ್‌ವರ್ಕ್ ಬೇಕಲ್ಲ ಮಾರಾಯ್ರೆ. ಕರೆಂಟ್ ಹೋದ್ರೆ ಟವರೂ ಹೋಗುತ್ತೆ. ಅದಕ್ಕೆ ಊರಲ್ಲಿ ಜೀಪೋ ಓಮ್ನಿಯೋ ಇಟ್ಕೊಂಡಿರೋ ಇಬ್ಬರಿಗೆ ಮೊದಲೇ ಹೇಳಿಟ್ಟಿರಿ, ಒಬ್ಬರು ಮದುವೆಗೆ ಹೋಗಿದ್ರೆ ಇನ್ನೊಬ್ಬರು ಇರ್ತಾರೆ. ಜೂನ್‌ನಿಂದ ಆಗಸ್ಟ್ ಒಳಗೆ ಡೇಟ್ ಇದ್ದು, ಮನೆ ಹಳ್ಳದ ಆಚೆ ಇದ್ರೆ 37 ವಾರ ತುಂಬ್ತಿದ್ದಂಗೆ ಪೇಟೇಲಿರೋ ನೆಂಟರ ಮನೆಗೆ ಬಂದಿರಿ. ಹೊರೆ ಆಗ್ತೀವೇನೋ ಅಂತ ಸಂಕೋಚ ಬೇಡ, ಇಂಥ ಹೊತ್ತಿಗೆ ಅಲ್ದೆ ಇನ್ಯಾವಾಗ ನೆಂಟರು. ಡೇಟ್ ಅಂದ ದಿನವೇ ಹೆರಿಗೆ ಆಗೋದು ನೂರಕ್ಕೆ ನಾಲ್ಕೈದು ಜನಕ್ಕೆ ಅಷ್ಟೇ, 37 ದಾಟಿದ ಮೇಲೆ ಯಾವ ದಿನ ಬೇಕಾದ್ರೂ ಆಗ್ಬಹುದು. ಡೇಟ್ ದಾಟಿ ಹೋಯ್ತು, ನೋವಿಲ್ಲ ಅಂದ್ರೂ ಮನೇಲಿ ಕೂರ್ಬೇಡಿ, ಹೋಗಿ ತೋರ್ಸಿ.

ಬ್ಯಾಗ್ 34 ವಾರಕ್ಕೇ ರೆಡಿ ಇರ್ಲಿ. ಮಗುವಿಗೆ ಹಳೇ ಕಾಟನ್ ಸೀರೆ, ಪಂಚೆ ಹರಿದು ಮಾಡಿದ ಬಟ್ಟೆಯಷ್ಟು ಮೆತ್ತಗೆ ಅಂಗಡೀಲಿ ಯಾವ್ದೂ ಸಿಗಲ್ಲ, ಆದ್ರೆ ಮಳೆಗಾಲದಲ್ಲಿ ಒಗೆದಿದ್ದು ನಾಲ್ಕು ದಿನ ಆದ್ರೂ ಒಣಗಲ್ಲ, ವಾಸನೆ ಹೊಡೆಯುತ್ತೆ. ಏಪ್ರಿಲ್ ಮೇ ಬಿಸಿಲಲ್ಲೇ ಕುದಿಸಿ ಒಗೆದು ಗರಿಗರಿ ಒಣಗಿಸಿ, ಬೇಕು ಅನ್ಸೋದಕ್ಕಿಂತ ಎರಡರಷ್ಟು ಗಾಳಿಯಾಡದ ಡಬ್ಬದಲ್ಲಿ ತುಂಬಿಟ್ಬಿಡಿ. ನಿಮಗೆ ಮುಂದೆ ಬಿಚ್ಚೋ ನೈಟಿ, ದೊಡ್ಡ ಪ್ಯಾಡು, ಸ್ವೆಟರು, ಕಾಲುಚೀಲ, ಟಾರ್ಚು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಕೈಯಲ್ಲಿ ಸ್ವಲ್ಪ ನಗದು. ಬಾಣಂತಿ ಕೋಣೆ ಬೆಚ್ಚಗಿರ್ಲಿ ಅಂತ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಕಿಟಕಿ ಎಲ್ಲ ಮುಚ್ಚೋದು ನಮ್ಮಲ್ಲಿ ಇನ್ನೂ ಇದೆ, ದಯವಿಟ್ಟು ಹಂಗೆ ಮಾಡ್ಬೇಡಿ. ಮುಚ್ಚಿದ ಕೋಣೇಲಿ ಕೆಂಡದಿಂದ ಬರೋ ಅನಿಲಕ್ಕೆ ಬಣ್ಣ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತೆ.

ಊಟದ ಬಗ್ಗೆ ಎಲ್ಲರೂ ಹೇಳೋರೇ, ನಾನು ಕಮ್ಮಿ ಹೇಳ್ತೀನಿ. ಮೊಟ್ಟೆ, ಮೀನು, ಬೇಳೆ, ಹಾಲು, ನುಗ್ಗೆಸೊಪ್ಪು, ಒಂದೆಲಗದ ತಂಬುಳಿ ಆರಾಮಾಗಿ ತಿನ್ನಿ. ಕಾಡಲ್ಲಿ ಕಿತ್ತು ತಂದ ಗುರುತಿಲ್ಲದ ಅಣಬೆ ಬೇಡ, ಎಲೆ ಅಡಿಕೆ ಮಗು ತೂಕಕ್ಕೆ ಒಳ್ಳೇದಲ್ಲ, ಬಿಟ್ಬಿಡಿ. ಕೇಸರಿ ಹಾಲು ಕುಡಿದ್ರೆ ಮಗು ಬೆಳ್ಳಗಾಗಲ್ಲ, ತುಪ್ಪ ಕುಡಿದ್ರೆ ಮಗು ಜಾರಿ ಬರಲ್ಲ. ನೋವು ಬರ್ಲಿ ಅಂತ ಹರಳೆಣ್ಣೆ ಮಾತ್ರ ಕುಡಿಸ್ಬೇಡಿ, ಭೇದಿ ಆಗಿ ಸುಸ್ತಾಗೋದು ಖಂಡಿತ.

ಈಗ ನೋವಿನ ವಿಷಯ. ಎಂಟನೇ ತಿಂಗಳಿಂದಲೇ ಹೊಟ್ಟೆ ಆಗಾಗ ಕಲ್ಲಿನ ಹಂಗೆ ಬಿಗಿಯಾಗಿ ಬಿಡೋದು ಇರುತ್ತೆ, ಅದು ಸುಳ್ಳು ನೋವು, ನೀರು ಕುಡಿದು ಮಗ್ಗುಲು ಬದಲಾಯ್ಸಿದ್ರೆ ಹೋಗುತ್ತೆ. ನಿಜವಾದ ನೋವು ಸೊಂಟದಿಂದ ಮುಂದಕ್ಕೆ ಬರುತ್ತೆ, ಬರ್ತಾ ಬರ್ತಾ ಹತ್ತಿರ ಆಗುತ್ತೆ, ಜೋರಾಗುತ್ತೆ, ಏನು ಮಾಡಿದ್ರೂ ನಿಲ್ಲಲ್ಲ. ಐದು ನಿಮಿಷಕ್ಕೊಂದು ನೋವು, ಒಂದೊಂದೂ ಒಂದು ನಿಮಿಷ, ಹಿಂಗೆ ಒಂದು ಗಂಟೆ ಆದ್ಮೇಲೆ ಹೊರಡಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಆಸ್ಪತ್ರೆ ಒಂದೂವರೆ ಗಂಟೆ ದೂರ ಇರೋರು ಅದಕ್ಕೆ ಕಾಯ್ಬಾರ್ದು, ಹತ್ತು ಹನ್ನೆರಡು ನಿಮಿಷಕ್ಕೊಂದು ಅಂತ ಸರಿಯಾಗಿ ಬರೋಕೆ ಶುರುವಾದ್ರೇ ಗಾಡಿ ಹತ್ತಿ. ಎರಡನೇ ಹೆರಿಗೆ ಬೇಗ ಆಗುತ್ತೆ, ಅವರು ಇನ್ನೂ ಬೇಗ. ಹಿಂದೆ ಸಿಸೇರಿಯನ್ ಆಗಿರೋರು ಮೊದಲ ನೋವಿಗೇ. 37 ವಾರ ತುಂಬೋ ಮುಂಚೆ ಇಂಥ ನೋವು ಬಂದ್ರೂ ಹಂಗೇ, ದಿನ ತುಂಬಿಲ್ಲ, ಇದು ಅದಲ್ಲ ಅಂತ ಮಲಗ್ಬೇಡಿ, ಬೇಗ ಹೋದ್ರೆ ಮಗುವಿನ ಶ್ವಾಸಕೋಶ ಬಲಿಯೋಕೆ ಇಂಜೆಕ್ಷನ್ ಕೊಡೋ ಅವಕಾಶ ಇರುತ್ತೆ. ಲೋಳೆ ಜೊತೆ ಸ್ವಲ್ಪ ರಕ್ತ ಕಂಡ್ರೆ ದಿನ ಹತ್ರ ಬಂತು ಅಂತ, ಆದ್ರೆ ಮುಟ್ಟಿನ ಹಂಗೆ ರಕ್ತ ಹೋದ್ರೆ, ನೋವಿರ್ಲಿ ಬಿಡ್ಲಿ, ತಕ್ಷಣ ಹೊರಡಿ. ನೀರು ಹೋದ್ರೂ ಅಷ್ಟೇ, ನೋವು ಬರ್ಲಿ ಅಂತ ಕೂರೋ ಹಂಗಿಲ್ಲ. ಪ್ಯಾಡ್ ಇಟ್ಟು ಬಣ್ಣ ನೋಡಿ, ಹಸಿರೋ ಕಂದೋ ಇದ್ರೆ ಮಗು ಒಳಗೇ ಮಲ ಮಾಡಿದೆ ಅಂತ, ಆಸ್ಪತ್ರೇಲಿ ಮೊದಲ ಮಾತೇ ಅದನ್ನ ಹೇಳಿ.

ಈ ತಿಂಗಳುಗಳಲ್ಲಿ ನಿದ್ದೆ ಬರಲ್ಲ, ಸುಮ್ಮಸುಮ್ಮನೆ ಅಳು, ಏನಾಗುತ್ತೋ ಅನ್ನೋ ಭಯ, ಇದನ್ನ ಗಂಡನ ಹತ್ರ ಬಾಯಿ ಬಿಟ್ಟು ಹೇಳಿ. ಗಂಡಂದಿರೇ, ನೀವು ಚೆಕಪ್ಪಿಗೆ ಒಳಗೆ ಹೋಗಿ, ಹೊರಗೆ ಬೆಂಚಲ್ಲಿ ಕೂರ್ಬೇಡಿ, ರಿಪೋರ್ಟಲ್ಲಿ ಏನಿದೆ ಅಂತ ನಿಮಗೂ ಗೊತ್ತಿರ್ಬೇಕು.

ಹೊರಡೋ ಹೊತ್ತು ಬಂತು ಅಂದ್ರೆ, ಒಬ್ಬರು ಆಸ್ಪತ್ರೆಗೆ ಫೋನ್ ಮಾಡಿ ಬರ್ತಿದೀವಿ ಅಂತ ಹೇಳ್ಲಿ. ಜೀಪಲ್ಲಿ ಎಡಮಗ್ಗುಲಾಗಿ ಒರಗಿ, ಬೆನ್ನಿಗೆ ದಿಂಬು, ಕುಡಿಯೋಕೆ ಒಂಚೂರು ನೀರು ಇರ್ಲಿ, ಗಟ್ಟಿ ಊಟ ಬೇಡ, ಆಪರೇಷನ್ ಆಗೋದಿದ್ರೆ ಹೊಟ್ಟೆ ಖಾಲಿ ಇರ್ಬೇಕು. ಹಿಂದೆ ಒಬ್ಬರು ಹೆಂಗಸರು ಜೊತೆಗಿರ್ಲಿ, ಮಳೆಗಾಲ ಆದ್ರೆ ಗಾಡೀಲಿ ಒಂದು ಕತ್ತಿಯೋ ಗರಗಸವೋ ಹಾಕ್ಕೊಳ್ಳಿ, ಮರ ಬಿದ್ದಿದ್ರೆ ಕಡಿಯೋಕೆ ಬೇಕಾಗುತ್ತೆ. ಅಲ್ಲಿ ತಲುಪಿದ ಕೂಡ್ಲೇ ತಾಯಿ ಕಾರ್ಡ್ ಮೇಜಿನ ಮೇಲಿಟ್ಟು, ಎಷ್ಟನೇ ವಾರ, ಎಷ್ಟನೇ ಹೆರಿಗೆ, ನೋವು ಯಾವಾಗ ಶುರುವಾಯ್ತು, ನೀರು ಹೋಗಿದ್ಯಾ, ಮಗು ಮಿಸುಕ್ತಿದ್ಯಾ, ಬಿಪಿ ಶುಗರ್ ಏನಾದ್ರೂ ಇತ್ತಾ, ಇಷ್ಟನ್ನ ಅವರು ಕೇಳೋ ಮೊದಲೇ ಹೇಳ್ಬಿಡಿ.